ಜಾಲರಿಯೊಳಗಿನ ಕುಂಕುಮ

ಭಾಲ್ಕಿಯ ನಮ್ಮ ಓದುಮನೆಗೆ ಯಾವುದೋ ಆಫೀಸಿನವರು ಕೊಟ್ಟ ಹಳೆಯ ಕಂಪ್ಯೂಟರ್ ಇವತ್ತು ಚಾಲೂ ಆಗುತ್ತಲೇ ಮತ್ತೆ ಮತ್ತೆ ಬಂದ್ ಆಯಿತು. ಅದರ ಡಬ್ಬಿ ಬಿಚ್ಚಿದೆ. ಸುಟ್ಟ ಧೂಳಿನ ಜೊತೆ, ಆ ಆಫೀಸಿನವರು ಪೂಜೆಗೆ ಎರಚಿದ್ದ ಕುಂಕುಮದ ವಾಸನೆ ಮೂಗಿಗೆ ಬಡಿದು ಮೈಯೆಲ್ಲ ಉರಿಯಿತು.

ಔರಾದ ಕಡೆಯ ನಮ್ಮೂರ ಶಾಲೆಯಲ್ಲೂ ಒಂದೇ ಕಂಪ್ಯೂಟರ್ ಇತ್ತು. ಹೆಡ್‌ಮಾಸ್ತರರು ಅದಕ್ಕೆ ಸನ್ಮಾನದ ಶಾಲು ಹೊದಿಸಿಡುತ್ತಿದ್ದರು. ಒಂದು ದಸರೆಯ ಆಯುಧಪೂಜೆಗೆ ಅದರ ಹಿಂದಿನ ಜಾಲರಿಗೆ ಮುಷ್ಟಿಗಟ್ಟಲೆ ಕುಂಕುಮ ಎರಚಿದರು. ರಜೆ ಮುಗಿದ ಮೊದಲ ದಿನ ನನ್ನ ಸರದಿ. ಗುಂಡಿ ಒತ್ತಿದೆ. ಪರದೆ ಬೆಳಗಿ, ಗಕ್ಕನೆ ಕಪ್ಪಾಯಿತು. ಹೆಡ್‌ಮಾಸ್ತರರು ಧಾವಿಸಿ ಬಂದರು.

"ಯಾರಲೇ ಕೈ ಹಚ್ಚಿದವ್ರು?"

"ನಾನ್ರೀ ಸರ. ಜಾಲರಿ ತುಂಬ ಕುಂಕುಮ ಅದರಿ, ಫ್ಯಾನ್ ತಿರಗವಲ್ದು."

"ದೇವರ ಕುಂಕುಮದಾಗ ತಪ್ಪು ಹುಡುಕ್ತಿ ಏನ? ನಿಮ್ಮ ಕೇರಿಯವರ ಕೈ ಹತ್ತಿತಂದ್ರ ಇನ್ನೇನ್ ಉಳೀತದ!"

ಅಂದಿನಿಂದ ನಮ್ಮ ಕೇರಿಯ ಮಕ್ಕಳಿಗೆ ಕಂಪ್ಯೂಟರ್ ಪಾಠ ಕಿಟಕಿಯ ಹೊರಗಿನಿಂದ. ಆ ಮಾಸ್ತರರ ನಿವೃತ್ತಿಗೆ, ನನ್ನ ಜೊತೆ ಆ ಶಾಲೆಯಲ್ಲಿ ಓದಿದ ನೀವೆಲ್ಲ ಹಾರ ಹಾಕಿದ ಫೋಟೊ ನೋಡಿದೆ. ನನ್ನ ಲೈಕಿಗೆ ಕಾಯಬೇಡಿ.

ಇವತ್ತು ಹಲ್ಲುಜ್ಜುವ ಬ್ರಷ್ಷಿನಿಂದ ಫ್ಯಾನು ಉಜ್ಜಿದೆ. ಕಂಪ್ಯೂಟರ್ ನಡುವೆ ನಿಲ್ಲದೆ ಚಾಲೂ ಆಯಿತು. ಓದಲು ಬಂದಿದ್ದ, ಇಲ್ಲಿನ ನಮ್ಮವರ ಕೇರಿಯ ಹುಡುಗಿಯನ್ನು ಅದರ ಮುಂದೆ ಕೂರಿಸಿದೆ. ಅವಳು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡೇ ಕೇಳಿದಳು:

"ಅಕ್ಕಾ, ಕೈ ಹಚ್ಚಲೇನ್ರಿ?"

ಈ ಪ್ರಶ್ನೆ ಕಲಿಸಿದವರನ್ನು ನಾನು ಕ್ಷಮಿಸುವುದಿಲ್ಲ.