ಅಳಿಯಕಟ್ಟು ಹೇಳಿದ ಅಪ್ಪ

ಕಾಪುವಿನಲ್ಲಿ ಮೀನು ಮಾರುತ್ತಿದ್ದ ಸುಂದರಿ, ಗಂಡ ಬಿಟ್ಟ ಹೆಂಗಸರನ್ನು ಉಡುಪಿಯ ಕೋರ್ಟಿಗೆ ಕರೆದುಕೊಂಡು ಹೋಗುವವಳಾದದ್ದು ತನ್ನದೇ ಕೇಸಿನಿಂದ. ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಅವಳು ಮಗಳ ಜೀವನಾಂಶಕ್ಕೆ ಅರ್ಜಿ ಹಾಕಿದಾಗ ಗಂಡ ಲೀಲಾಧರ ನಾಚಿಕೆಯಿಲ್ಲದೆ ಕಟಕಟೆ ಹತ್ತಿ, "ನಮ್ಮದು ಅಳಿಯಕಟ್ಟು. ಮಕ್ಕಳು ತಾಯಿಮನೆಗೆ ಸೇರಿದವರು, ಸಾಕಬೇಕಾದವನು ಸೋದರಮಾವ. ನನಗೆಂತ ಸಂಬಂಧ?" ಎಂದ. ಹುಟ್ಟಿಸಿದ ಮಗುವಿಗೆ ಗಂಜಿ ಹಾಕದ ದೋಣಿ ಯಜಮಾನನಿಗೆ ಆಗ ಕಟ್ಟುಕಟ್ಟಳೆ ನೆನಪಾಗಿತ್ತು!

ಸುಂದರಿಯ ಮೈ ಉರಿಯಿತು. "ಹಾಗಾದರೆ ಇವರ ತಂಗಿಯ ಮಕ್ಕಳನ್ನು ಇವರೇ ಸಾಕುತ್ತಿರಬೇಕಲ್ವಾ ಸ್ವಾಮಿ? ಆ ತಂಗಿಯನ್ನೇ ಕರೆಸಿ ಕೇಳಿ" ಎಂದಳು.

ಮ್ಯಾಜಿಸ್ಟ್ರೇಟರು ಕರೆಸಿದರು. ಬಂದವಳು ಪುಷ್ಪಾವತಿ, ಮಾರ್ಕೆಟಿನಲ್ಲಿ ಸುಂದರಿಯ ಪಕ್ಕದಲ್ಲೇ ಬುಟ್ಟಿ ಇಟ್ಟು ಕೂರುವ ನಾದಿನಿ.

"ಸಾಕುವುದಾ? ಇವನೊಬ್ಬ ಮಾವ ಉಂಟು ಅಂತಲೇ ನನ್ನ ಮಕ್ಕಳಿಗೆ ಗೊತ್ತಿಲ್ಲ. ಕಡಕ್ಕೆ ನಾಲ್ಕು ಬಂಗುಡೆ ಕೇಳಿದರೂ ಕೊಡದವ ಇವ."

"ಮರ್ಯಾದೆ ತೆಗೆಯಬೇಡ ಮಾರಾಯ್ತಿ!" ಎಂದು ಲೀಲಾಧರ ಕೂಗಿದ.

"ಇದ್ದರಲ್ವಾ ಅಣ್ಣ, ತೆಗೆಯುವುದು?"

ಜೀವನಾಂಶ ಕೊಡಲೇಬೇಕೆಂದು ಆದೇಶವಾಯಿತು. ಆಮೇಲೆ ಯಾವ ಹೆಂಗಸು ಕಣ್ಣೀರು ಹಾಕುತ್ತಾ ಬಂದರೂ ಸುಂದರಿ ಗದರುತ್ತಿದ್ದಳು: "ಅಳುವುದು ಆಮೇಲೆ. ಅವನ ತಂಗಿ ಎಲ್ಲಿದ್ದಾಳೆ, ಅದನ್ನು ಹೇಳು."