ಈಶ್ವರಮ್ಮನ ಕಪಾಳ ಪರೀಕ್ಷೆ

“ಆನೆ ಗುದ್ದಿದ್ರೂ ಅಲ್ಲಾಡಾಕಿಲ್ಲ ಕಣಕ್ಕ ನಾನು!” ಎಂದು ಇಟ್ಟಿಗೆ ಗೂಡಿನ ಮುನಿಯಲ್ಲಪ್ಪ ಕುಡಿದ ಅಮಲಿನಲ್ಲಿ ಎದೆಯುಬ್ಬಿಸಿದ. ತೊಂಬತ್ತೆರಡನೇ ಇಸವಿಯಲ್ಲಿ ಬೆಳ್ಳಂದೂರು ಕೆರೆ ದಾಟಿಸುತ್ತಿದ್ದ ತೆಪ್ಪ ಈಶ್ವರಮ್ಮನದು. ಕುಡುಕರು ನಡುನೀರಲ್ಲಿ ಎದ್ದು ತೆಪ್ಪ ಮಗುಚಿಯಾರೆಂದು, ಹತ್ತುವ ಪ್ರತಿ ಗಂಡಸಿನ ಕಪಾಳಕ್ಕೂ ಅವಳು ಒಂದು ಬಾರಿಸುತ್ತಿದ್ದಳು. ತೂರಾಡದವನಿಗೆ ಮಾತ್ರ ಜಾಗ.

ಅವತ್ತು ಬಾರಿಸಿದ ಸದ್ದಿಗೆ ಹರದಾರಿಗಟ್ಟಲೆ ದೂರದ ಜಿಗಣಿಯ ಕೋಳಿಗಳು ಮೊಟ್ಟೆ ಇಡುವುದನ್ನೇ ಬಿಟ್ಟವು. ಮುನಿಯಲ್ಲಪ್ಪ ಮಣ್ಣು ಮುಕ್ಕಿದ. ಎದ್ದವನೇ ಹುಟ್ಟು ಕಿತ್ತುಕೊಂಡು ಅವಳ ತಲೆ ಬಿರಿಯುವಂತೆ ಬಡಿದ, ಹೊಟ್ಟೆಗೆ ಒದ್ದ, ಒಬ್ಬನೇ ತೆಪ್ಪ ನೂಕಿಕೊಂಡು ಹೊರಟ. ನಡುನೀರಲ್ಲಿ ಎದ್ದುನಿಂತು ಮೀಸೆ ತಿರುವಿದ, ತೆಪ್ಪ ಮಗುಚಿತು.

ಈಶ್ವರಮ್ಮ ನೆತ್ತರು ಸೋರುತ್ತಲೇ ಈಜಿ, ಮುಳುಗುತ್ತಿದ್ದವನ ಮೂಗಿಗೆ ಗುದ್ದಿ, ಜುಟ್ಟು ಹಿಡಿದು ದಡಕ್ಕೆಳೆದಳು.

“ಅಷ್ಟು ಬಡಿದ್ನಲ್ಲ, ನನ್ನ ಯಾಕಕ್ಕ ಉಳಿಸ್ದೆ?” ಎಂದ, ನೀರು ಕಕ್ಕುತ್ತಾ.

“ಊರ ಗಲೀಜೇ ಕೆರೆಗೆ ಜಾಸ್ತಿ ಆಗೈತೆ. ನಿನ್ನನ್ನೂ ಬಿಟ್ರೆ ಮೀನು ಬದುಕ್ತವೇನ್ಲಾ?”