ಸರೋಜಕ್ಕ ಒರೆಸಿದ ನೆಲ

ಮಂಗಳವಾರ, ಬೆಳಿಗ್ಗೆ ಏಳು ಗಂಟೆ. ಸಿ.ವಿ. ರಾಮನ್ ನಗರದ ನಮ್ಮ ಮನೆಯ ಹಾಲಿನಲ್ಲಿ ಮೂವರಿದ್ದೆವು: ನಾನು, ಏಳು ತಿಂಗಳ ಬಸುರಿ ಸೊಸೆ ಶಾಲಿನಿ, ಅವಳಿಗೆ ವ್ಯಾಯಾಮ ಹೇಳಿಕೊಡುವ ನಸ್ರೀನ್. ಆಗಷ್ಟೇ ಒರೆಸಿದ ನೆಲದ ಫಿನಾಯಿಲ್ ವಾಸನೆ ಇನ್ನೂ ಹೋಗಿರಲಿಲ್ಲ. ಚಾಪೆಯ ಮೇಲೆ ಕಾಲು ಅಗಲಿಸುವಾಗ ಶಾಲಿನಿ ಮುಖ ಕಿವುಚಿದಳು.

"ನೋವಾದ್ರೆ ತಡ್ಕೋಬೇಡಿ, ಅಲ್ಲಿಗೇ ನಿಲ್ಸಿ," ಎಂದಳು ನಸ್ರೀನ್.

"ನಮ್ಮತ್ತೆ ಎದುರಿಗೆ ಅರ್ಧಕ್ಕೆ ನಿಲ್ಸೋದಾ? ಸರಿಹೋಯ್ತು!"

ಅವರಿಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ಜೋಗುಪಾಳ್ಯದ ನನ್ನ ತವರುಮನೆಯ ಬೆಳಗಿಗೂ ಇದೇ ವಾಸನೆಯಿತ್ತು. ನಡುಮನೆಯ ಕೆಂಪು ಗಾರೆ ನೆಲ ಒದ್ದೆಯಾದಾಗ ಕಿಟಕಿಯ ಸರಳುಗಳು ಅದರಲ್ಲಿ ಕಾಣುತ್ತಿದ್ದವು. ಬಸುರಿ ಕುಕ್ಕರಗಾಲಲ್ಲಿ ಕೂತು ಮನೆಯೆಲ್ಲ ಒರೆಸಿದರೆ ಹೆರಿಗೆ ಸಲೀಸು ಎಂಬುದು ಅಜ್ಜಿಯ ಕಟ್ಟಳೆ. ನಿಮ್ಮ ಮನೆಯಲ್ಲೂ ಇದ್ದಿರಬಹುದು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಸರೋಜಕ್ಕ ದಿನವೂ ಒರೆಸುತ್ತಿದ್ದಳು. ಮೂಲೆ ಬಿಟ್ಟಳೋ ಇಲ್ಲವೋ ಎಂದು ನೋಡಿ ಅಜ್ಜಿಗೆ ಒಪ್ಪಿಸುವ ಕೆಲಸ ಹತ್ತು ವರ್ಷದ ನನ್ನದು. ಅದು ನನಗೆ ದೊಡ್ಡ ಹೆಮ್ಮೆ. ಒಂದು ದಿನ ಅಕ್ಕ ಗೋಡೆಗೊರಗಿ ಪಿಸುಗುಟ್ಟಿದಳು: "ಪುಟ್ಟೀ, ತೊಡೆಸಂದಿನ ಮೂಳೆ ಬಿರಿದಂಗಾಗ್ತಿದೆ ಕಣೇ. ಇವತ್ತೊಂದಿನ ಒರೆಸಿದ್ಲು ಅಂತ ಹೇಳ್ಬಿಡು." ನಾನು ನೇರವಾಗಿ ಅಡುಗೆಮನೆಗೆ ಹೋಗಿ ಇದ್ದದ್ದನ್ನು ಹೇಳಿದೆ. "ನಾನು ನಾಲ್ಕು ಹೆತ್ತಿಲ್ವೇನೇ, ಮಹಾರಾಣಿ? ಒರೆಸು!" ಎಂದು ಅಜ್ಜಿ ಬಂದು ನಿಂತಳು. ಅಕ್ಕ ಮತ್ತೆ ಕೂತಳು. ಆಮೇಲೆ ಏಳಲಾಗಲಿಲ್ಲ, ಇಬ್ಬರು ಹಿಡಿದೆತ್ತಬೇಕಾಯಿತು.

ಹೆರಿಗೆಯಾದ ಮೇಲೆ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತಿ ನಲವತ್ತು ದಿನ ಮಲಗಿಸಿದರು. ಎದ್ದು ನಡೆಯುವುದನ್ನು ಯಾರೂ ಕಲಿಸಲಿಲ್ಲ. ಗೋಡೆ ಹಿಡಿದು ವಾಲಾಡುವುದೇ ಅವಳ ನಡಿಗೆಯಾಯಿತು. ಮಗು ಮಂಜುವನ್ನು ಅವಳು ಒಂದು ದಿನವೂ ಸೊಂಟದಲ್ಲಿ ಕೂರಿಸಿಕೊಳ್ಳಲಿಲ್ಲ. ಕೂತು ಕೈಚಾಚುತ್ತಿದ್ದಳು, ನಾನು ಅವನನ್ನು ಮಡಿಲಿಗಿಡುತ್ತಿದ್ದೆ. "ತಾಯಿ ಕಾಲು ತಿಂದ್ಕೊಂಡೇ ಹುಟ್ಟಿದ," ಎಂದು ಬೀದಿಯ ಹೆಂಗಸರು ಅವನೆದುರೇ ಆಡಿದರು. ಅವನು ನಂಬಿದ. ಅಕ್ಕ ನನ್ನ ಹೆಸರೆತ್ತಲಿಲ್ಲ. ಆ ಮನೆಯನ್ನು ಕೆಡವಿ ಬಹಳ ಕಾಲವಾಯಿತು. ಅಕ್ಕ ಹೋಗಿ ಎರಡು ವರ್ಷ.

ನಸ್ರೀನ್ ಹೊರಟ ಮೇಲೆ ಶಾಲಿನಿಯ ಮೊಣಕಾಲುಗಳ ನಡುವೆ ದಿಂಬಿಟ್ಟು ಮಗ್ಗುಲಾಗಿ ಮಲಗಿಸಿದೆ. ಹೊರಮಾವಿನಲ್ಲಿರುವ ಮಂಜುವಿಗೆ ಫೋನ್ ಮಾಡಿ, ನಾನು ಅಜ್ಜಿಗೆ ಒಪ್ಪಿಸಿದ ಆ ದಿನ ನಡೆದದ್ದನ್ನು ಮೊದಲಿನಿಂದ ಹೇಳಿದೆ.

"ಅಷ್ಟು ವರ್ಷ ದಿನಾ ಸಂಜೆ ಅಮ್ಮನ ಕಾಲೊತ್ತಿದೀನಿ, ಚಿಕ್ಕಮ್ಮ. ಎಷ್ಟೋ ಸಲ ನೀವೂ ಪಕ್ಕದಲ್ಲೇ ಕೂತಿರ್ತಿದ್ರಿ."

"ಹೌದು," ಎಂದೆ.

ಅವನು ಫೋನ್ ಇಟ್ಟ. ಹತ್ತನೇ ವಯಸ್ಸಿನಲ್ಲಿ ಶುರುವಾದ ಆ ಒಪ್ಪಿಸುವ ಕೆಲಸ ಅಲ್ಲಿಗೆ ಮುಗಿಯಿತು.